ಎವಿನಿ: ಈ ಮನೆ ಯಾರದು?

ವಿಭಕ್ತಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ರಾಗ ಎಳೆದು ಮಾಡಿದ ಬಾಯಿಪಾಠ. ಅದು ನಿಜವಾಗಿ ಏನು ಕೆಲಸ ಮಾಡುತ್ತದೆ ಅಂತ ನೋಡೋಕೆ ಸ್ವಲ್ಪ ದೂರ, ಟರ್ಕಿಗೆ ಹೋಗಿಬರೋಣ.

ತುರ್ಕಿ ಭಾಷೆಯಲ್ಲಿ 'ಎವ್' ಅಂದರೆ ಮನೆ. ಎವೆ ಅಂದರೆ ಮನೆಗೆ, ಎವ್ದೆ ಅಂದರೆ ಮನೆಯಲ್ಲಿ, ಎವ್ದೆನ್ ಅಂದರೆ ಮನೆಯಿಂದ, ಎವಿ ಅಂದರೆ ಮನೆಯನ್ನು, ಎವಿನ್ ಅಂದರೆ ಮನೆಯ. ಇಂಗ್ಲಿಷಿನ ಹಾಗೆ ಮುಂದೆ ಟು, ಇನ್, ಫ್ರಮ್ ಇಲ್ಲ, ಎಲ್ಲಾ ಬಾಲದಲ್ಲೇ. ಬಹುವಚನವೂ ನಮ್ಮ ಕ್ರಮದಲ್ಲೇ: ಎವ್-ಲೆರ್-ದೆ, ಮನೆ-ಗಳ-ಲ್ಲಿ. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳಿಗೆ ಆ ಕಡೆಯ ಭಾಷೆಗಳ ಜೊತೆ ನಂಟು ಹುಡುಕಿದ್ದಕ್ಕೆ ಇಂಥ ಹೋಲಿಕೆಗಳೂ ಕಾರಣ. ನಂಟು ಸಾಬೀತಾಗಿಲ್ಲ, ಹೋಲಿಕೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಆದರೆ ತುರ್ಕಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮನೆಯ ಓನರ್‌ನನ್ನೂ ಅದೇ ಪದದೊಳಗೆ ಕೂರಿಸುತ್ತಾರೆ. ಎವಿಮ್ ನನ್ನ ಮನೆ, ಎವಿನ್ ನಿನ್ನ ಮನೆ, ಎವಿಮಿಜ಼್ ನಮ್ಮ ಮನೆ. ಎವಿ ಅಂದರೆ ಅವನ ಮನೆ, ಅವಳ ಮನೆಯೂ ಹೌದು. ಆ ಭಾಷೆಯಲ್ಲಿ ಲಿಂಗಭೇದ ಇಲ್ಲ. ವಿಭಕ್ತಿ ಇದರ ನಂತರ ಬರುತ್ತದೆ: ಎವ್-ಲೆರ್-ಇಮಿಜ಼್-ದೆನ್, ನಮ್ಮ ಮನೆಗಳಿಂದ. ಒಂದೇ ಪದ!

ತಡೀರಿ, 'ಎವಿನ್' ಅಂದರೆ 'ಮನೆಯ' ಅಂತ ಆಗಲೇ ಹೇಳಿದ್ವಲ್ಲ? ಹೌದು, ಎರಡೂ ಸರಿ. 'ಎವಿ'ಗೂ ಹೀಗೇ ಎರಡು ಅರ್ಥ. ಮಜಾ ಇರೋದು 'ಎವಿನಿ'ಯಲ್ಲಿ. ನಿನ್ನ ಮನೆ (ಎವಿನ್) ಜೊತೆ 'ಇ' ಸೇರಿದರೆ 'ನಿನ್ನ ಮನೆಯನ್ನು'. ಅವನ ಮನೆ (ಎವಿ) ಜೊತೆ 'ಇ' ಸೇರುವಾಗ ಎರಡು ಸ್ವರ ಡಿಕ್ಕಿ ಹೊಡೆಯದಂತೆ ನಡುವೆ 'ನ್' ಬರುತ್ತದೆ, ಮತ್ತೆ ಅದೇ 'ಎವಿನಿ'! ಎರಡು ದಾರಿ, ಒಂದೇ ಔಟ್‌ಪುಟ್. ಹಾಗಾಗಿ 'ಎವಿನಿ ಬುಲ್ದು' ಅಂತಷ್ಟೇ ಹೇಳಿದರೆ ಅವನು ತನ್ನ ಮನೆ ಹುಡುಕಿಕೊಂಡನೋ, ನಿಮ್ಮ ಮನೆ ಬಾಗಿಲಿಗೇ ಬಂದು ನಿಂತನೋ ಗೊತ್ತಾಗಲ್ಲ.

ಮುಂದೆ ಹಿಂದೆ ಮಾತು ಇದ್ದರೆ ಅರ್ಥ ಆಗುತ್ತೆ ಬಿಡಿ. ಸಾಲದಿದ್ದರೆ ಇನ್ನೊಂದು ಪದ ಇಡುತ್ತಾರೆ: ಸೆನಿನ್ ಎವಿನಿ ಅಂದರೆ ನಿನ್ನದು, ಕೆಂದಿ ಎವಿನಿ ಅಂದರೆ ತನ್ನದೇ. ಆಗ ಓನರ್ ಎರಡು ಸಲ ಬಂದ ಹಾಗಾಯ್ತು. ಹೆಸರು ಇದ್ದರೂ ಅಷ್ಟೇ: 'ಅಲಿನಿನ್ ಎವಿ', ಬಿಡಿಸಿದರೆ 'ಅಲಿಯ ಅವನ ಮನೆ'. ನಮಗೆ 'ಅಲಿಯ ಮನೆ' ಸಾಕು. ಆಡುಮಾತಿನಲ್ಲಿ ಅವರೂ ಕೆಲವೊಮ್ಮೆ ಬಾಲ ಕತ್ತರಿಸಿ 'ಬಿಜ಼ಿಮ್ ಎವ್' ಅಂದುಬಿಡುತ್ತಾರೆ. ಥೇಟ್ ನಮ್ಮ ಹಾಗೇ: ಬಿಜ಼ಿಮ್ ಅಂದರೆ ನಮ್ಮ, ಎವ್ ಅಂದರೆ ಮನೆ.