ನೊಯ್ಯಲ್ ತೀರದಲ್ಲಿ ಯಂತ್ರಬಾಹು

ಟಿಪ್ಪುವಿನ ಪತನದವರೆಗೆ ಮೈಸೂರಿಗೆ ಸೇರಿದ್ದ, ಅನಂತರ 1956ರವರೆಗೆ ಕೊಳ್ಳೇಗಾಲವನ್ನು ತನ್ನದೊಂದು ತಾಲ್ಲೂಕಾಗಿ ಇರಿಸಿಕೊಂಡಿದ್ದ, ಮನೆಯೊಳಗೆ ಇಂದಿಗೂ ಕನ್ನಡವಾಡುವ ದೇವಾಂಗ ನೇಕಾರರಿಗೆ ನೆಲೆಯಾಗಿರುವ ಕೊಯಮತ್ತೂರು ಸೀಮೆಯು ಕನ್ನಡಿಗನ ಪಾಲಿಗೆ ದೂರದೇಶವೇನಲ್ಲ. 1888ರಲ್ಲಿ ಅಲ್ಲಿ ಸ್ಟೇನ್ಸ್ ಸಾಹೇಬನ ನೂಲಿನ ಗಿರಣಿ ಆರಂಭವಾಯಿತು, 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ತು ಬಯಲಿಗೆ ಇಳಿದುಬಂದಿತು, 1937ರಲ್ಲಿ ಜಿ. ಡಿ. ನಾಯ್ಡು ಅವರ ಪ್ರಯತ್ನದಿಂದ ಸ್ವದೇಶಿ ವಿದ್ಯುತ್ ಮೋಟಾರು ಸಿದ್ಧವಾಯಿತು. ಹೊಲದ ಪಂಪಿನಿಂದ ಅಡುಗೆಮನೆಯ ಗ್ರೈಂಡರಿನವರೆಗೆ ನಮ್ಮ ನಿತ್ಯಜೀವನವನ್ನು ಹೊಕ್ಕಿರುವ ಅಲ್ಲಿಯ ಯಂತ್ರಗಳು ಬಹುಮಟ್ಟಿಗೆ ಸಣ್ಣ ಕಾರ್ಖಾನೆಗಳ ಸೃಷ್ಟಿ. ಕೃತಕ ಬುದ್ಧಿಮತ್ತೆಯ ರೋಬೋ ಈಗ ಬಂದು ನಿಂತಿರುವುದು ಇವುಗಳ ಬಾಗಿಲಿಗೆ.

2023ರಲ್ಲಿ ಭಾರತದಲ್ಲಿ 8,510 ಔದ್ಯಮಿಕ ರೋಬೋಗಳು ಹೊಸದಾಗಿ ಸ್ಥಾಪಿತವಾದುವೆಂಬುದು ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಗಣನೆ. ಅವುಗಳ ಅತಿ ದೊಡ್ಡ ಪಾಲು ಸಂದದ್ದು ಮೋಟಾರು ವಾಹನದ ಉದ್ಯಮಕ್ಕೆ. ಅಲ್ಲಿ ಒಂದೇ ಕೆಲಸ ವರ್ಷಗಟ್ಟಲೆ ಸಾಗುತ್ತದೆ. ಸಣ್ಣ ಕಾರ್ಖಾನೆಯಲ್ಲಾದರೋ ಈ ವಾರ ಪಂಪಿನ ಕವಚ, ಮುಂದಿನ ವಾರ ವಾಲ್ವಿನ ಬಿಡಿಭಾಗ. ಇಂಥ ಚಂಚಲವಾದ ಕೆಲಸಕ್ಕೆ ಒಗ್ಗುವಂಥದು, ಕೆಲಸಗಾರನ ಪಕ್ಕದಲ್ಲಿಯೇ ನಿಂತು, ಅವನು ಕೈಹಿಡಿದು ನಡೆಸಿದ ಚಲನೆಯನ್ನು ನೆನಪಿನಲ್ಲಿಟ್ಟುಕೊಳ್ಳುವ ಹಗುರವಾದ ಯಂತ್ರಬಾಹು. ವಸ್ತುವು ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೂ ಕ್ಯಾಮೆರಾದ ಕಣ್ಣಿಂದ ಗುರುತಿಸುವ ಶಕ್ತಿಯೂ ಅದಕ್ಕೆ ಕೂಡಿದರೆ, ಲೇತಿಗೆ ಬಿಡಿಭಾಗ ಊಡುವ, ಬೆಸುಗೆ ಹಾಕುವ, ಫೌಂಡ್ರಿಯ ಧೂಳಿನಲ್ಲಿ ಎರಕದ ಒರಟು ಅಂಚುಗಳನ್ನು ಉಜ್ಜುವ ಶ್ರಮವನ್ನು ಅದು ವಹಿಸಿಕೊಳ್ಳಬಲ್ಲುದು.

ಕೊಯಮತ್ತೂರಿನಿಂದ ನೊಯ್ಯಲ್ ನದಿಯ ಹರಿವಿನಗುಂಟ ಕೆಳಗಿರುವ, ಬನಿಯನ್ ಉದ್ಯಮದ ತಿರುಪ್ಪೂರಿನಲ್ಲಿ ಕಥೆ ಬೇರೆ. ಲೋಹವು ಇಟ್ಟಲ್ಲಿ ಇಟ್ಟಂತಿರುತ್ತದೆ. ಬನಿಯನ್ ಬಟ್ಟೆಯೋ ಮುಟ್ಟಿದರೆ ಮುದುಡುತ್ತದೆ, ಎಳೆದರೆ ಹಿಗ್ಗುತ್ತದೆ. ಆದಕಾರಣ ಹೊಲಿಗೆಯು ಇಂದಿಗೂ ಮನುಷ್ಯನ ಬೆರಳಿನ ವಿದ್ಯೆಯಾಗಿ ಉಳಿದಿದೆ. ಯಂತ್ರಬುದ್ಧಿಗೆ ಸುಲಭವಾದದ್ದು ಹೆಣಿಗೆಯ ತೂತು, ಎಣ್ಣೆಯ ಕಲೆ, ಸೂಜಿಯ ಗೆರೆಗಳನ್ನು ಪತ್ತೆಹಚ್ಚುವ ಕಾವಲಿನ ಕೆಲಸ.

ಆದರೆ ನಿಜವಾದ ತೊಡಕಿರುವುದು ಕೂಲಿಯ ಲೆಕ್ಕದಲ್ಲಿ. ಹೆಣೆಯುವವನೊಬ್ಬ, ಬಣ್ಣ ಹಾಕುವವನೊಬ್ಬ, ಹೊಲಿಯುವವನೊಬ್ಬನಾಗಿ ಜಾಬ್‌ವರ್ಕಿನ ಮೇಲೆ ಬಾಳುವವರಿಗೆ ದೊರೆಯುವುದು ಕಿಲೋಗೋ ಪೀಸಿಗೋ ಇಷ್ಟೆಂಬ ಪ್ರತಿಫಲ. ಮುಂದಿನ ವರ್ಷದ ಆರ್ಡರಿಗೆ ಯಾರ ಭರವಸೆಯೂ ಇಲ್ಲ. ಯಂತ್ರದಿಂದ ಗುಣ ಹೆಚ್ಚಿದರೆ ಲಾಭ ಖರೀದಿದಾರನಿಗೆ, ಯಂತ್ರಕ್ಕಾಗಿ ಮಾಡಿದ ಸಾಲದ ಕಂತು ಮಾತ್ರ ಜಾಬ್‌ವರ್ಕಿನವನಿಗೆ. ಹೀಗಿರುವಾಗ ಸಣ್ಣ ಉದ್ಯಮಿಯ ಹಿಂಜರಿಕೆಯನ್ನು ಅಜ್ಞಾನವೆಂದು ಜರೆಯುವುದು ಅನ್ಯಾಯ.

ಒಬ್ಬನಿಂದ ಹೊರಲಾಗದ ಇಂಥ ಭಾರವನ್ನು ಹಂಚಿಕೊಳ್ಳುವುದಕ್ಕೊಂದು ಮೇಲ್ಪಂಕ್ತಿ ತಿರುಪ್ಪೂರಿನಲ್ಲಿಯೇ ಉಂಟು. ನೊಯ್ಯಲ್ ಕಲುಷಿತವಾಗಿ, 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಿಸಿದ ಮೇಲೆ, ಒಬ್ಬೊಬ್ಬರಿಂದ ಆಗದಿದ್ದ ನೀರಿನ ಶುದ್ಧೀಕರಣವನ್ನು ಅನೇಕರು ಸಾಮೂಹಿಕ ಸ್ಥಾವರಗಳ ಮೂಲಕ ಸಾಧಿಸಿ ಮರಳಿ ಬಾಗಿಲು ತೆರೆದರು. ರೋಬೋವನ್ನು ಕೊಳವೆಯ ನೀರಿನಂತೆ ಹಂಚಿಕೊಳ್ಳಲಾಗದು, ನಿಜ; ಆದರೆ ಅದನ್ನು ಪರೀಕ್ಷಿಸಿ ನೋಡುವ ಶಾಲೆ, ಕೆಟ್ಟರೆ ಸರಿಪಡಿಸುವ ಎಂಜಿನಿಯರು, ಕೆಲಸಗಾರನಿಗೆ ಕೊಡುವ ಶಿಕ್ಷಣ, ಇವನ್ನು ಹಂಚಿಕೊಳ್ಳಬಹುದು. ಎರಕ ಉಜ್ಜುತ್ತ ಧೂಳು ಕುಡಿದವನೇ ನಾಳೆ ಯಂತ್ರಬಾಹುವಿಗೆ ಉಜ್ಜುವ ಹದವನ್ನು ಕಲಿಸುವ ಗುರುವಾಗಿ, ಅದಕ್ಕೆ ತಕ್ಕ ಸಂಬಳ ಪಡೆದನಾದರೆ, ಈ ಯಂತ್ರ ಆ ಸೀಮೆಗೆ ಸಲ್ಲುತ್ತದೆ. ಅವನು ಬೀದಿಗೆ ಬಿದ್ದರೆ ಸಲ್ಲದು.