ಬಣ್ಣದ ದೀಪಕ್ಕೆ ದುಡ್ಡು, ಕರೆಂಟಿನ ಡಬ್ಬಿಗೆ ಚೌಕಾಸಿ!

ದಾವಣಗೆರೆ: ರಾತ್ರಿ ಹನ್ನೊಂದೂವರೆ ಗಂಟೆ. ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಮನೆ. ಮಹಡಿ ಕೋಣೆಯಿಂದ 'ಢಬ್' ಎಂದು ಸದ್ದು ಬಂತು. ಹಿಂದೆಯೇ ಮನೆ ತುಂಬ ಸುಟ್ಟ ವಾಸನೆ. ಕೆಳಗೆ ಮಲಗಿದ್ದ ಭಟ್ಟಿ ಯಜಮಾನರು ದಡಕ್ಕನೆ ಎದ್ದು, 'ಏನಲೇ ಅದು, ಸಿಲಿಂಡರಾ?' ಎಂದು ಕೂಗಿದರು.

'ಅಲ್ಲ ಅಪ್ಪಾಜಿ, ಕಂಪ್ಯೂಟ್ರು' ಎಂದು ಮೇಲಿನಿಂದ ಸಣ್ಣ ದನಿ.

ಇದು 2023ರ ಬೇಸಿಗೆಯ ಮಾತು. ಅವತ್ತು ಸುಟ್ಟಿದ್ದು 800 ರೂಪಾಯಿಯ ಒಂದು ತಗಡಿನ ಡಬ್ಬಿ. ಅದರ ಜತೆಗೆ ಹೋಗಿದ್ದು ಎರಡು ವರ್ಷದ ಬಾಕಿ ಲೆಕ್ಕ. ಈ ಊರಿನಲ್ಲಿ ಇವತ್ತು ಎಷ್ಟೋ ಮನೆಗಳ ಮಹಡಿ ಕೋಣೆಗಳಲ್ಲಿ ಗಾಜಿನ ಬಾಗಿಲಿನ ಪೆಟ್ಟಿಗೆಗಳು ಜಗಮಗ ಅಂತಿವೆ. ಒಳಗೆ ಕೆಂಪು, ಹಸಿರು, ನೀಲಿ ದೀಪ. ತಿರುಗುವ ಫ್ಯಾನು. ಒಳ್ಳೇ ಗಣಪತಿ ಮಂಟಪ! ಆದರೆ ಆ ಮಂಟಪದ ಹಿಂಬದಿಯಲ್ಲಿ ಏನು ಕೂರಿಸಿದ್ದಾರೆ ಅನ್ನೋದನ್ನು ನೋಡುವವರು ಕಡಿಮೆ. ಆದ್ದರಿಂದ ಈ ಮನೆಯ ಕಥೆ ಹೇಳಬೇಕಾಗಿದೆ.

ಒಪ್ಪಂದದ ಕಂಪ್ಯೂಟರ್

2021, ಕೊರೊನಾದ ಎರಡನೇ ಅಲೆ. ಹುಡುಗ ಡಿಪ್ಲೊಮಾ ಸೇರಿದ್ದ. ಪಾಠವೆಲ್ಲ ಮೊಬೈಲಿನಲ್ಲಿ. ಕಂಪ್ಯೂಟರ್ ಬೇಕು ಅಂತ ಹಟ ಹಿಡಿದ. ಅಪ್ಪ ಒಂದು ಷರತ್ತು ಹಾಕಿದರು: 'ಅಂಗಡಿಯೋರ ಬಾಕಿ ಲೆಕ್ಕ ಎಲ್ಲ ಅದ್ರಾಗೆ ಬರೆದಿಡ್ಬೇಕು. ಬರೀ ಆಟ ಆಡಂಗಿಲ್ಲ.' ಹುಡುಗ ಒಪ್ಪಿದ. ಒಪ್ಪದೆ ಏನು ಮಾಡ್ತಾನೆ, ಪಾಪ.

ಬೆಳಗಿನ ರೈಲು ಹತ್ತಿ ಅಪ್ಪ-ಮಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರು. ಸಿಟಿ ಮಾರ್ಕೆಟ್ ಪಕ್ಕದ ಆ ಇಕ್ಕಟ್ಟಿನ ಬೀದಿಯಲ್ಲಿ ಸಿಗದ ಕಂಪ್ಯೂಟರ್ ಸಾಮಾನು ಇಲ್ಲ. ಆದರೆ ಆ ವರ್ಷ ಒಂದು ಸಾಮಾನಿಗೆ ಮಾತ್ರ ಬರಗಾಲ. ಅದು ಗ್ರಾಫಿಕ್ಸ್ ಕಾರ್ಡು. ಆಟದ ಚಿತ್ರಗಳನ್ನು ಪರದೆಗೆ ಬರೆದು ಕೊಡೋದು ಇದೇ. ಜಗತ್ತಿನಲ್ಲೆಲ್ಲ ಚಿಪ್ಪಿನ ಅಭಾವ. ಅದರ ಮೇಲೆ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ 'ಗಣಿಗಾರಿಕೆ' ಮಾಡುವವರು ಸಿಕ್ಕ ಕಾರ್ಡನ್ನೆಲ್ಲ ಬಾಚಿಕೊಂಡಿದ್ದರು. ಬಾಕ್ಸಿನ ಮೇಲಿನ ಬೆಲೆಗೆ ಕಾರ್ಡು ಸಿಗುವ ಮಾತೇ ಇರಲಿಲ್ಲ.

ಹುಡುಗ ಜಾಣ. ಒಳಗೇ ಗ್ರಾಫಿಕ್ಸ್ ಇರುವ ರೈಜನ್ 3 3200ಜಿ ಪ್ರೊಸೆಸರ್ ತಗೊಂಡ. ಬಿ450 ಮದರ್‌ಬೋರ್ಡು, 8 ಜಿಬಿಯ ಎರಡು ರ್‍ಯಾಮ್. 16ರ ಒಂದೇ ಕಡ್ಡಿ ಬದಲು 8ರ ಎರಡು ಯಾಕೆ ಅಂದರೆ, ಎರಡಿದ್ದರೆ ಎರಡು ದಾರಿಯಲ್ಲಿ ಮಾಹಿತಿ ಓಡುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಅದರಿಂದ ಬಹಳ ಲಾಭ. ಇಷ್ಟೆಲ್ಲ ಲೆಕ್ಕ ಹಾಕಿದ ಹುಡುಗ ಕೊನೆಗೆ ಎಡವಿದ್ದು ಎಲ್ಲಿ ಗೊತ್ತೇ? ಗಾಜಿನ ಕ್ಯಾಬಿನೆಟ್ಟಿಗೆ, ಬಣ್ಣದ ಫ್ಯಾನಿಗೆ ದುಡ್ಡು ಸುರಿದು, ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ ತಗೊಂಡ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ ಅದು. ಮೇಲೆ ದಪ್ಪ ಅಕ್ಷರದಲ್ಲಿ '450' ಅಂತ ಬರೆದಿತ್ತು. ಸಾಕಲ್ಲ!

ಲೇಬಲ್ಲಿನ ಸಣ್ಣ ಅಕ್ಷರ

ಒಂದೂವರೆ ವರ್ಷ ಏನೂ ಆಗಲಿಲ್ಲ. 3200ಜಿ ಪ್ರೊಸೆಸರ್ ತಿನ್ನೋದೇ 65 ವ್ಯಾಟ್. ಆ ಡಬ್ಬಿ ಅಷ್ಟನ್ನು ಹೇಗೋ ಎಳೆಯಿತು.

2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿತು. ಕಾರ್ಡು ಇಟ್ಟು ಗಣಿಗಾರಿಕೆ ಮಾಡೋದೇ ನಿಂತಿತು. ಹಗಲೂ ರಾತ್ರಿ ದುಡಿದು ಸುಸ್ತಾದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದು ಬಿದ್ದವು. ನಮ್ಮ ಹುಡುಗನೂ 8 ಜಿಬಿಯ ಒಂದು ಆರ್‌ಎಕ್ಸ್ 580 ಹಿಡಿದ. 2017ರ ಕಾರ್ಡು, ಆದರೂ ಆಟಕ್ಕೆ ಗಟ್ಟಿ. ಅದರ ಹೊಟ್ಟೆ ಮಾತ್ರ 185 ವ್ಯಾಟಿನದು.

ಈಗ ಲೆಕ್ಕ ನೋಡಿ. ಕಾರ್ಡು 185, ಪ್ರೊಸೆಸರ್ 65. ಎರಡೂ ಸೇರಿ 250. ಡಬ್ಬಿಯ ಮೇಲೆ 450 ಇದೆಯಲ್ಲ, ಇನ್ನೂ 200 ಉಳಿಯಿತಲ್ಲ ಅಂತ ಹುಡುಗ ಅಂದುಕೊಂಡ. ಆದರೆ ಕಾರ್ಡು ಮತ್ತು ಪ್ರೊಸೆಸರ್ ಎರಡೂ ಕರೆಂಟು ಎಳೆಯೋದು ಹೆಚ್ಚಾಗಿ 12 ವೋಲ್ಟಿನ ಲೈನಿನಿಂದ. ಆ ಡಬ್ಬಿಯ ಪಕ್ಕದ ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ 12 ವೋಲ್ಟಿಗೆ 16 ಆಂಪ್ ಅಂತ ಇತ್ತು. 12 ಇಂಟು 16 ಎಷ್ಟಾಯ್ತು? 192! ಅಂದರೆ 450ರ ಡಬ್ಬಿಯಲ್ಲಿ ಕೆಲಸಕ್ಕೆ ಬರುವುದು 192 ವ್ಯಾಟ್. ಅದೂ ಲೇಬಲ್ಲು ನಿಜ ಹೇಳಿದ್ದರೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಾರ್ಡಿಗೆ ಬೇಕಾದ ದಪ್ಪ ಪಿನ್ನಿನ ವೈರು ಆ ಡಬ್ಬಿಯಲ್ಲಿ ಇರಲೇ ಇಲ್ಲ. ವೈರು ಕೊಟ್ಟಿಲ್ಲ ಅಂದರೆ ಅದರ ಅರ್ಥ 'ನನಗೆ ತಾಕತ್ತಿಲ್ಲ' ಅಂತ. ಹುಡುಗ ಕೇಳಬೇಕಲ್ಲ! ಹಳೇ ಹಾರ್ಡ್ ಡಿಸ್ಕಿಗೆ ಹೋಗುವ ನಾಲ್ಕು ಪಿನ್ನಿನ ವೈರಿಗೆ ಒಂದು ಕನ್ವರ್ಟರ್ ಸಿಕ್ಕಿಸಿ ಕಾರ್ಡಿಗೆ ಜೋಡಿಸಿದ. ಕತ್ತೆ ಮೇಲೆ ಆನೆ ಕೂರಿಸಿದ ಹಾಗಾಯ್ತು.

ಮಾರ್ಚ್ ಬಂತು. ಮಹಡಿ ಕೋಣೆ ಕಾದ ಕಾವಲಿ. ಸುತ್ತ ಭಟ್ಟಿಗಳ ಹೊಗೆ, ಹೊಟ್ಟಿನ ದೂಳು; ಡಬ್ಬಿಯ ಫ್ಯಾನು ಅರ್ಧ ಕಟ್ಟಿಕೊಂಡಿತ್ತು. ಕರೆಂಟು ಹೋಗೋದು, ಬರೋದು, ವೋಲ್ಟೇಜ್ ಏರೋದು, ಇಳಿಯೋದು. ಒಂದು ರಾತ್ರಿ ಡಬ್ಬಿ ಪ್ರಾಣ ಬಿಟ್ಟಿತು.

ಕೆಂಪು ಪುಸ್ತಕ ಕಾಪಾಡಿತು

ಬೋರ್ಡು, ಪ್ರೊಸೆಸರ್, ಕಾರ್ಡು ಉಳಿದವು. ಹೋಗಿದ್ದು ಹಾರ್ಡ್ ಡಿಸ್ಕು. ಒಳ್ಳೆಯ ಎಸ್‌ಎಂಪಿಎಸ್ ಆದರೆ ವೋಲ್ಟೇಜ್ ಎಲ್ಲೆ ಮೀರಿದ ಕೂಡಲೇ ತಾನೇ ಬಂದ್ ಆಗುತ್ತದೆ. ಕಾಸು ಉಳಿಸಲು ಮಾಡಿದ ಡಬ್ಬಿಗಳಲ್ಲಿ ಆ ಕಾವಲು ನೆಟ್ಟಗಿರುವುದಿಲ್ಲ. ಸಾಯುವಾಗ ಜತೆಗೊಬ್ಬರನ್ನು ಕರೆದುಕೊಂಡೇ ಹೋಗುತ್ತವೆ.

ಆ ಡಿಸ್ಕಿನಲ್ಲಿ ಹುಡುಗನ ಪ್ರಾಜೆಕ್ಟು ಇತ್ತು. ಆಟಗಳಿದ್ದವು. ಯಾವ ಅಂಗಡಿಯವರು ಎಷ್ಟು ಮಂಡಕ್ಕಿ ಒಯ್ದರು, ಎಷ್ಟು ಬಾಕಿ ಉಳಿಸಿಕೊಂಡರು ಅನ್ನುವ ಎರಡು ವರ್ಷದ ಲೆಕ್ಕವೂ ಇತ್ತು. ಬೇರೆ ಕಡೆ ಕಾಪಿ ಇರಲಿಲ್ಲ. ಉಧಾರಿ ವ್ಯಾಪಾರದಲ್ಲಿ ಬಾಕಿ ಲೆಕ್ಕ ಹೋಯಿತು ಅಂದರೆ ಬಂಡವಾಳವೇ ಹೋದಂತೆ. ಹುಡುಗ ಮೂರು ದಿನ ನೆಟ್ಟಗೆ ಊಟ ಮಾಡಲಿಲ್ಲ. ಅಪ್ಪನಿಗೆ ಹೇಳಲು ಧೈರ್ಯ ಇಲ್ಲ. ನಾಲ್ಕನೇ ದಿನ ಅವ್ವನ ಕೈಲಿ ಹೇಳಿಸಿದ.

ಯಜಮಾನರು ಬೈಯಲಿಲ್ಲ. ಒಳಗೆ ಹೋಗಿ ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕ ತಂದು ಮುಂದಿಟ್ಟರು. ಮಗ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ಅಷ್ಟೂ ದಿನ ಅವರು ಪುಸ್ತಕದಲ್ಲೂ ಬರೆದಿದ್ದರು! 'ನಿನ್ ಮೇಲೆ ನಂಬಿಕೆ ಇತ್ತಲೇ. ಆ ಡಬ್ಬದ ಮೇಲೆ ಇರ್ಲಿಲ್ಲ' ಅಂದರು. ಆಮೇಲೆ ಸುಟ್ಟ ಎಸ್‌ಎಂಪಿಎಸ್ ಕೈಗೆತ್ತಿಕೊಂಡು ತೂಗಿ ನೋಡಿ, 'ಇಷ್ಟು ಹಗೂರ ಐತಲ್ಲ, ಒಳಗೇನೂ ಇಲ್ಲೇನು? ಭಟ್ಟಿ ನೆಟ್ಟಗಿಲ್ದೆ ಮಂಡಕ್ಕಿ ಅರಳ್ತದೇನು?' ಎಂದು ಕೇಳಿದರು.

ಕಂಪ್ಯೂಟರ್ ಕಲಿಯದ ಮನುಷ್ಯ ಹೇಳಿದ ಮಾತು ಇದು. ರಿಪೇರಿ ಮಾಡುವವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ತೂಕ ಒಂದೇ ಸಾಕ್ಷಿ ಅಲ್ಲ. ಆದರೆ ಒಳಗಿನ ತಾಮ್ರ, ಕೆಪಾಸಿಟರ್, ಶಾಖ ಹೀರುವ ಅಲ್ಯುಮಿನಿಯಂ ಇವುಗಳಲ್ಲೇ ಉಳಿತಾಯ ಮಾಡಿದ ಡಬ್ಬಿ ಭಾರ ಇರಲು ಹೇಗೆ ಸಾಧ್ಯ?

ಎರಡನೇ ಸಲ, ಬುಡದಿಂದ

ಈ ಸಲ ಹುಡುಗ ಬುಡದಿಂದ ಶುರು ಮಾಡಿದ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ತಿಂಗ್ ನೋಡಿಸಿದ. ಮೂರು ತೂತಿನ ಪ್ಲಗ್ಗು ಇತ್ತು; ಮೂರನೇ ತೂತಿಗೆ ವೈರೇ ಇರಲಿಲ್ಲ! ಊರಿನ ಹಳೇ ಮನೆಗಳಲ್ಲಿ ಇದು ಹೊಸ ಸಮಾಚಾರವೇನಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಹುಡುಗರು ನಗ್ತಾರೆ. ನಗುವ ವಿಷಯ ಅಲ್ಲ ಅದು.

ಆಮೇಲೆ 550 ವ್ಯಾಟಿನ, '80 ಪ್ಲಸ್ ಬ್ರಾಂಜ್' ಗುರುತಿನ ಎಸ್‌ಎಂಪಿಎಸ್. ನಾಲ್ಕೈದು ಸಾವಿರ ಬಿತ್ತು. ಲೇಬಲ್ಲಿನ 12 ವೋಲ್ಟಿನ ಸಾಲು ಓದಿಯೇ ತಗೊಂಡದ್ದು. '80 ಪ್ಲಸ್' ಅಂದರೆ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುತ್ತದೆ ಎಂಬುದರ ಗುರುತು, ಅಷ್ಟೇ. ಕಾವಲು ಗಟ್ಟಿ ಇದೆಯೇ ಅನ್ನೋದಕ್ಕೆ ಕಂಪನಿಯ ಹೆಸರು, ವಾರಂಟಿಯ ವರ್ಷ ನೋಡಬೇಕು. ಬಿಲ್ಲು ಜೋಪಾನ ಮಾಡಬೇಕು.

ಜತೆಗೆ ಒಂದು ಯುಪಿಎಸ್. ಇಲ್ಲೂ ಲೇಬಲ್ಲಿನ ಆಟ ಇದೆ. 600 ವಿಎ ಅಂತ ಬರೆದಿದ್ದರೆ 600 ವ್ಯಾಟ್ ಅಂತ ಅಲ್ಲ. ಸಣ್ಣ ಯುಪಿಎಸ್‌ಗಳಲ್ಲಿ ಅದು ಸಾಮಾನ್ಯವಾಗಿ 360 ವ್ಯಾಟ್. ಕರೆಂಟು ಹೋದಾಗ ಆಟ ಮುಂದುವರಿಸಲು ಇರುವುದಲ್ಲ ಅದು. ಕೆಲಸ ಉಳಿಸಿ ನೆಟ್ಟಗೆ ಬಂದ್ ಮಾಡಲು.

2025ರಲ್ಲಿ ಹುಡುಗ ಮದುವೆ ವಿಡಿಯೋ ಎಡಿಟಿಂಗ್ ಕೆಲಸ ಹಿಡಿದ. ನಾಲ್ಕು ಕೋರಿನ 3200ಜಿ ಏದುಸಿರು ಬಿಡತೊಡಗಿತು. ಹೊಸ ಪ್ಲಾಟ್‌ಫಾರಂ ಎಎಂ5ಕ್ಕೆ ಹೋದರೆ ಬೋರ್ಡು, ಪ್ರೊಸೆಸರ್, ಡಿಡಿಆರ್5 ರ್‍ಯಾಮ್ ಮೂರೂ ಹೊಸದಾಗಬೇಕು. ಆದರೆ ಹಳೇ ಬಿ450 ಬೋರ್ಡಿನಲ್ಲೇ ಆರು ಕೋರಿನ ರೈಜನ್ 5 5600 ಕೂರುತ್ತದೆ. ಅದೂ 65 ವ್ಯಾಟೇ. ಒಂದೇ ಷರತ್ತು: ಮೊದಲು ಬೋರ್ಡಿನ ಬಯೋಸ್ ಅಪ್‌ಡೇಟ್ ಆಗಬೇಕು. ಅದೂ ಹಳೇ ಪ್ರೊಸೆಸರ್ ಇರುವಾಗಲೇ. ಮೊದಲೇ ಕಿತ್ತು ಹೊಸದು ಹಾಕಿದರೆ ಪರದೆ ಕಪ್ಪು.

ಬಯೋಸ್ ಬರೆಯುವುದು ಕೆಲವೇ ನಿಮಿಷದ ಕೆಲಸ. ಆ ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡು ಮತ್ತೆ ಏಳದೆ ಹೋಗಬಹುದು. ಹುಡುಗ ಯುಪಿಎಸ್ ಪೂರ್ತಿ ಚಾರ್ಜ್ ಮಾಡಿ, ಮಳೆ-ಗಾಳಿ ಇಲ್ಲದ ರಾತ್ರಿ ಆರಿಸಿಕೊಂಡ. ಯಜಮಾನರು ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ಪರದೆಯ ಮೇಲಿನ ಗೆರೆ 60ಕ್ಕೆ ಬಂದಾಗ ಕರೆಂಟು ಹೋಯಿತು! ಯುಪಿಎಸ್ 'ಟೀಂ' ಎಂದಿತು. ಕತ್ತಲೆಯಲ್ಲಿ ಪರದೆ ಮಾತ್ರ ಉರಿಯುತ್ತಿತ್ತು. ಅಪ್ಪ-ಮಗ ಇಬ್ಬರೂ ಉಸಿರು ಬಿಡಲಿಲ್ಲ. ಗೆರೆ 100 ಮುಟ್ಟಿತು.

'ಆ ಡಬ್ಬಿಗೆ ಎಷ್ಟು ಕೊಟ್ಟಿದ್ದೆಲೇ?' ಎಂದು ಕೇಳಿದರು ಯಜಮಾನರು. ಮಗ ಹೇಳಿದ. 'ಇವತ್ತು ವಸೂಲಾತು ಬಿಡು.'

ಕೈ ಹಾಕುವವರಿಗೆ

ಹಳೇ ಪ್ರೊಸೆಸರ್ ತೆಗೆಯುವಾಗಲೂ ಹುಡುಗ ಗಡಿಬಿಡಿ ಮಾಡಲಿಲ್ಲ. ಎಎಂ4 ಪ್ರೊಸೆಸರಿನ ಪಿನ್ನುಗಳಿರುವುದು ಅದರ ಬೆನ್ನಿಗೇ. ಒಣಗಿದ ಪೇಸ್ಟು ಅಂಟಿದ್ದು, ಕೂಲರ್ ಎಳೆದರೆ ಪ್ರೊಸೆಸರೂ ಕಿತ್ತು ಬಂದು ಪಿನ್ನು ಸೊಟ್ಟಗಾಗುತ್ತವೆ. ಮೊದಲು ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ಬಿಡಿಸಬೇಕು. ಹೊಸ ಪೇಸ್ಟು ಒಂದು ಕಡಲೆ ಕಾಳಿನಷ್ಟು ಸಾಕು. ನಮ್ಮೂರವರಲ್ಲವೇ ಅಂತ ದೋಸೆಗೆ ಬೆಣ್ಣೆ ಸವರಿದ ಹಾಗೆ ಮೆತ್ತುವುದು ಬೇಡ.

ಕಾರ್ಡು ಹಾಕಿದ ಮೇಲೆ ಮಾನಿಟರಿನ ವೈರನ್ನು ಬೋರ್ಡಿಗೆ ಸಿಕ್ಕಿಸಿ, 'ಕಾರ್ಡು ಕೆಲಸ ಮಾಡ್ತಿಲ್ಲ' ಎಂದು ಅಂಗಡಿಗೆ ಓಡುವವರೂ ಇದ್ದಾರೆ. ವೈರು ಕಾರ್ಡಿಗೇ ಹೋಗಬೇಕು. 3200ರ ವೇಗದ ರ್‍ಯಾಮ್ ಕೂಡ ಬಯೋಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡುವ ತನಕ ಸಾಮಾನ್ಯವಾಗಿ ನಿಧಾನಕ್ಕೇ ಓಡುತ್ತದೆ. ಕಾಸು ಖರ್ಚಿಲ್ಲದ ಅಪ್‌ಗ್ರೇಡ್ ಇವು.

2025ರ ಕೊನೆಗೆ ರ್‍ಯಾಮ್ ಬೆಲೆ ಗಗನಕ್ಕೇರಿತು. ಮೆಮೊರಿ ಚಿಪ್ ಮಾಡುವ ಕಂಪನಿಗಳೆಲ್ಲ ಎಐ ಡೇಟಾ ಸೆಂಟರುಗಳ ಕಡೆ ಮುಖ ಮಾಡಿದವು. ಮೈಕ್ರಾನ್ ಕಂಪನಿ ತನ್ನ 'ಕ್ರೂಷಿಯಲ್' ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಸಾರಿತು. ಹಳೇ 16 ಜಿಬಿ ಉಳಿಸಿಕೊಂಡ ನಮ್ಮ ಹುಡುಗ ಬಚಾವ್.

ನೆರೆಮನೆಯವರು ಮಾತ್ರ ಈಗಲೂ 'ಮಗ ಜೂಜು ಆಡ್ತಾನಂತೆ' ಎಂದು ಗುಸುಗುಸು ಮಾಡುತ್ತಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ ಅದೇ ಕಾನೂನು ಮಾನ್ಯತೆ ಕೊಟ್ಟಿದೆ. ಎರಡಕ್ಕೂ ಅಜಗಜಾಂತರ.

ಹುಡುಗನ ಕ್ಯಾಬಿನೆಟ್ಟಿನಲ್ಲಿ ಈಗಲೂ ಬಣ್ಣದ ದೀಪ ಉರಿಯುತ್ತದೆ. ಉರಿಯಲಿ, ವಯಸ್ಸು ಅದು. ಆದರೆ ಬಾಕಿ ಲೆಕ್ಕ ಈಗ ಎರಡು ಡಿಸ್ಕಿನಲ್ಲಿದೆ. ಮೂರನೆಯದು ಅದೇ ಕೆಂಪು ಪುಸ್ತಕ. ಯಜಮಾನರು ಅದನ್ನು ಬಿಟ್ಟಿಲ್ಲ. ಆಟದಲ್ಲಿ ಸತ್ತವರು ಬಟನ್ ಒತ್ತಿದರೆ ಮತ್ತೆ ಎದ್ದು ಬರ್ತಾರೆ. ಹಾರ್ಡ್ ಡಿಸ್ಕಿಗೆ ಆ ಅನುಕೂಲ ಇಲ್ಲ.