ಮಾಂಸ ಬಿಟ್ಟರಷ್ಟೇ ಸಾಲದು

ನಿಮ್ಮ ಮನೆಯ ಹಿರಿಯರಿಗೆ ಹೃದಯದ ತೊಂದರೆ ಕಾಣಿಸಿಕೊಂಡು, ವೈದ್ಯರು ‘ಮಾಂಸ ಕಡಿಮೆ ಮಾಡಿ’ ಎಂದಿದ್ದಾರೆಯೆ? ಕಾಲೇಜಿಗೆ ಹೋಗುವ ಮಗಳು ಪ್ರಾಣಿಗಳ ಮೇಲಿನ ಕನಿಕರದಿಂದ ಇನ್ನು ಮೊಟ್ಟೆ, ಮೀನು ಮುಟ್ಟುವುದಿಲ್ಲ ಎನ್ನುತ್ತಿದ್ದಾಳೆಯೆ? ಅಥವಾ ನಿಮ್ಮದು ತಲೆತಲಾಂತರದಿಂದ ಸಸ್ಯಾಹಾರಿ ಮನೆತನವೆ? ಈ ಮೂರರಲ್ಲಿ ಯಾವುದಾದರೂ ಸರಿ, ಒಂದು ಪ್ರಶ್ನೆಯನ್ನು ನೀವು ಕೇಳಿಕೊಳ್ಳಲೇಬೇಕು. ತಟ್ಟೆಯಲ್ಲಿ ಮಾಂಸ ಇಲ್ಲದ ಜಾಗದಲ್ಲಿ ಏನಿದೆ?

ಸಸ್ಯಾಹಾರದ ಲಾಭವೆಲ್ಲ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಲಾಭಗಳೇನು?

ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು 48 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯವನ್ನು ಸುಮಾರು 18 ವರ್ಷ ಗಮನಿಸಿ, 2019ರಲ್ಲಿ ವರದಿ ಪ್ರಕಟಿಸಿದರು. ಮಾಂಸಾಹಾರಿಗಳಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ. 22ರಷ್ಟು ಕಡಿಮೆ ಇತ್ತು. ಮಾಂಸದ ಜಿಡ್ಡಿನಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚು. ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಳು, ತರಕಾರಿ, ಇಡೀ ಧಾನ್ಯಗಳಲ್ಲಿರುವ ನಾರಿನಂಶ ಅದನ್ನು ಇಳಿಸಲು ನೆರವಾಗುತ್ತದೆ, ಮಲಬದ್ಧತೆಯನ್ನೂ ನಿವಾರಿಸುತ್ತದೆ.

ಕ್ಯಾನ್ಸರಿನ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಇಂಥ ಮಾಂಸವನ್ನು ದಿನಕ್ಕೆ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದು ಅದು ತಿಳಿಸಿತು. ಕುರಿ, ದನ, ಹಂದಿಗಳ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿನಲ್ಲಿಟ್ಟಿತು.

ಆದರೆ ಆಕ್ಸ್‌ಫರ್ಡ್ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸಸ್ಯಾಹಾರಿಗಳಲ್ಲಿ ಪಾರ್ಶ್ವವಾಯು ಶೇ. 20ರಷ್ಟು ಹೆಚ್ಚು ಕಂಡುಬಂದಿತ್ತು. ಬಿ12ನಂಥ ಕೆಲವು ಪೋಷಕಾಂಶಗಳು ಕಡಿಮೆಯಾಗಿರುವುದೂ ಇದಕ್ಕೆ ಒಂದು ಕಾರಣವಿರಬಹುದು ಎಂದು ಸಂಶೋಧಕರು ಸೂಚಿಸಿದರು. ಇದರಿಂದ ಹೆದರಬೇಕಾಗಿಲ್ಲ, ಎಚ್ಚರ ವಹಿಸಿದರೆ ಸಾಕು.

ಅನ್ನವೇ ಊಟವಾದರೆ

ಬೆಳಗ್ಗೆ ಉಪ್ಪಿಟ್ಟು ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ, ತಿಳಿಸಾರು, ಹಪ್ಪಳ, ಸಂಜೆ ಕಾಫಿಯೊಂದಿಗೆ ಬಜ್ಜಿ ಅಥವಾ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಇದು ಶುದ್ಧ ಸಸ್ಯಾಹಾರವೇ ಹೌದು. ಆದರೆ ಇದರಲ್ಲಿ ಪಿಷ್ಟ ಮತ್ತು ಎಣ್ಣೆ ಬಿಟ್ಟರೆ ಹೆಚ್ಚೇನಿಲ್ಲ. ‘ನಾವು ಮಾಂಸ ಮುಟ್ಟುವವರೇ ಅಲ್ಲ, ನಮಗೇಕೆ ಸಕ್ಕರೆ ಕಾಯಿಲೆ ಬಂತು?’ ಎಂದು ಕೇಳುವವರು ಒಮ್ಮೆ ತಮ್ಮ ತಟ್ಟೆಯತ್ತ ನೋಡಿಕೊಳ್ಳಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ಫಲಿತಾಂಶ 2025ರಲ್ಲಿ ಹೊರಬಂದಿತು. ಅದರ ಪ್ರಕಾರ ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಅಕ್ಕಿ, ಗೋಧಿ, ರಾಗಿ, ಜೋಳಗಳಿಂದ ಬರುವ ಶಕ್ತಿ ಶೇ. 45ನ್ನು ಮೀರಬಾರದು. ಉಳಿದದ್ದನ್ನು ಕಾಳು, ಹಾಲು, ತರಕಾರಿ, ಹಣ್ಣು, ಎಣ್ಣೆಬೀಜಗಳು ತುಂಬಬೇಕು.

ಅಜ್ಜಿಯರ ಜೋಡಿ

ಮಾಂಸ ಬಿಟ್ಟರೆ ಪ್ರೋಟೀನು ಎಲ್ಲಿಂದ ಬರಬೇಕು ಎಂಬ ಚಿಂತೆ ಅನೇಕರಿಗೆ. 60 ಕಿಲೊ ತೂಕದ ಆರೋಗ್ಯವಂತರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ತೊಗರಿ, ಹೆಸರು, ಹುರುಳಿ, ಕಡಲೆಗಳಲ್ಲಿ 100 ಗ್ರಾಮಿಗೆ ಸುಮಾರು 20 ಗ್ರಾಂ ಪ್ರೋಟೀನಿದೆ. ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಇದೆ. ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕೊರತೆಯಿರುವ ಮೆಥಿಯೊನೀನ್ ಧಾನ್ಯಗಳಲ್ಲಿದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ.

ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೂ ಅಕ್ಕಿ, ಉದ್ದು ರುಬ್ಬಿ ಇಡ್ಲಿ ಮಾಡಿದರು, ರಾಗಿಮುದ್ದೆಗೆ ಹುರುಳಿ ಸಾರು ಹಾಕಿದರು, ಜೋಳದ ರೊಟ್ಟಿಗೆ ಕಾಳುಪಲ್ಯ ಬಡಿಸಿದರು. ರಾಗಿಯ ಇನ್ನೊಂದು ಹೆಚ್ಚುಗಾರಿಕೆಯೆಂದರೆ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯಲ್ಲಿ ಒಮೆಗಾ-3 ಜಾತಿಯ ಒಳ್ಳೆಯ ಕೊಬ್ಬಿದೆ.

ಕಬ್ಬಿಣಾಂಶ ಮೈಗೆ ಹತ್ತಲಿ

ಸಸ್ಯಗಳಲ್ಲಿರುವ ಕಬ್ಬಿಣಾಂಶ ಮಾಂಸದಲ್ಲಿರುವುದರಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಸೊಪ್ಪು ತಿಂದರೂ ರಕ್ತಹೀನತೆ ಬಿಡದಿರುವುದಕ್ಕೆ ಇದೂ ಒಂದು ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ.

ಉಪಾಯ ಅಡುಗೆಮನೆಯಲ್ಲೇ ಇದೆ. ‘ಸಿ’ ಜೀವಸತ್ವ ಜೊತೆಗಿದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಆದ್ದರಿಂದ ಸೊಪ್ಪಿನ ಪಲ್ಯ, ಉಸುಳಿಗಳಿಗೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಬಿಸಿಗೆ ಈ ಜೀವಸತ್ವ ನಾಶವಾಗುತ್ತದೆ ಎಂಬುದನ್ನು ಮರೆಯಬೇಡಿ. ನೆಲ್ಲಿಕಾಯಿ, ಸೀಬೆಹಣ್ಣು ಕೂಡ ಒಳ್ಳೆಯವು. ಕಾಳುಗಳನ್ನು ಮೊಳಕೆ ಬರಿಸಿದರೆ ಕಬ್ಬಿಣಾಂಶಕ್ಕೆ ಅಡ್ಡಿಯಾಗುವ ಫೈಟೇಟ್ ಕಡಿಮೆಯಾಗುತ್ತದೆ. ಊಟ ಮುಗಿದ ಕೂಡಲೇ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಅದನ್ನು ಒಂದು ಗಂಟೆ ಮುಂದೂಡಿ.

ಬಿ12: ಮರೆತರೆ ಕಷ್ಟ

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಬಿ12 ಜೀವಸತ್ವ ಸೊಪ್ಪು, ತರಕಾರಿ, ಬೇಳೆಕಾಳುಗಳಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಸಿಗುತ್ತದೆ. ತುಪ್ಪದಲ್ಲಿ ಇಲ್ಲ. ದೊಡ್ಡವರಿಗೆ ದಿನಕ್ಕೆ 2ರಿಂದ 2.5 ಮೈಕ್ರೊಗ್ರಾಂ ಬೇಕು. ಒಂದು ದೊಡ್ಡ ಲೋಟ, ಅಂದರೆ 250 ಮಿಲಿಲೀಟರ್ ಹಾಲಿನಲ್ಲಿ ಇರುವುದು ಸುಮಾರು 1 ಮೈಕ್ರೊಗ್ರಾಂ ಮಾತ್ರ. ಕಾಫಿಗೆ ಬೆರೆಸಿದ ಹಾಲು, ನೀರುಮಜ್ಜಿಗೆ ಲೆಕ್ಕಕ್ಕೆ ಸಾಲುವುದಿಲ್ಲ.

ಯಕೃತ್ತಿನಲ್ಲಿ ಬಿ12 ವರ್ಷಗಟ್ಟಲೆ ದಾಸ್ತಾನಿರುತ್ತದೆ. ಹಾಗಾಗಿ ಮಾಂಸ, ಹಾಲು ಎರಡನ್ನೂ ಬಿಟ್ಟವರಿಗೆ ಮೊದಮೊದಲು ಏನೂ ತೊಂದರೆ ಕಾಣುವುದಿಲ್ಲ. ಕೆಲವು ವರ್ಷಗಳ ನಂತರ ಕೈಕಾಲು ಜೋಮು, ಪಾದದ ಉರಿ, ನಾಲಿಗೆ ಉರಿ, ಆಯಾಸ, ಮರೆವು ಒಂದೊಂದಾಗಿ ಬರುತ್ತವೆ. ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಾಗುವುದು ಸರಿಯಲ್ಲ. ಬಹಳ ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ರಕ್ತ ಹೆಚ್ಚಲೆಂದು ಫೋಲಿಕ್ ಆಮ್ಲದ ಮಾತ್ರೆ ಮಾತ್ರ ನುಂಗಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಯ ಆಮ್ಲಕ್ಕೆ ಮಾತ್ರೆಗಳನ್ನು ಬಹುಕಾಲದಿಂದ ಸೇವಿಸುತ್ತಿರುವವರಲ್ಲಿ ಈ ಕೊರತೆಯ ಸಂಭವ ಇನ್ನೂ ಹೆಚ್ಚು.

ಗರ್ಭಿಣಿಯರು ಮತ್ತು ಎದೆಹಾಲು ಕುಡಿಸುವ ತಾಯಂದಿರು ವಿಶೇಷವಾಗಿ ಗಮನಿಸಬೇಕು. ತಾಯಿಯಲ್ಲಿ ಬಿ12 ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆ. ಅಂಥ ಕೂಸು ಬಿಳಿಚಿಕೊಂಡು ಮಂಕಾಗುತ್ತದೆ. ನಗು, ಕತ್ತು ನಿಲ್ಲಿಸುವುದು ಮೊದಲಾಗಿ ಕಲಿತದ್ದನ್ನೇ ಮರೆಯಬಹುದು, ಕೈಕಾಲು ನಡುಗಬಹುದು. ಬೇಗ ಚಿಕಿತ್ಸೆ ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ, ತಡಮಾಡಿದರೆ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ.

ಹಾಲು, ಮೊಸರು, ತುಪ್ಪವನ್ನೂ ತ್ಯಜಿಸಿದ ‘ವೀಗನ್’ ಪದ್ಧತಿಯವರು ಬಿ12 ಮಾತ್ರೆಯನ್ನಾಗಲಿ, ಬಿ12 ಬೆರೆಸಿದ ಸೋಯಾ ಹಾಲಿನಂಥ ಆಹಾರವನ್ನಾಗಲಿ ತಪ್ಪದೆ ಸೇವಿಸಬೇಕು. ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಇಂದಿನಿಂದಲೇ ಹೀಗೆ ಮಾಡಿ

1. ಊಟದಲ್ಲಿ ಅನ್ನ ಒಂದು ಪಾಲು ಕಡಿಮೆ ಮಾಡಿ, ಆ ಜಾಗಕ್ಕೆ ಗಟ್ಟಿಬೇಳೆ ಅಥವಾ ಕಾಳಿನ ಪಲ್ಯ ಬಡಿಸಿ.

2. ದಿನಕ್ಕೊಂದು ಬಗೆಯ ಸೊಪ್ಪು ಅಥವಾ ತರಕಾರಿ, ಒಂದು ಹಣ್ಣು ಇರಲಿ. ಹಣ್ಣಿನ ರಸಕ್ಕಿಂತ ಇಡೀ ಹಣ್ಣು ಮೇಲು.

3. ಹಾಲು ಸೇವಿಸುವವರು ಹಾಲು, ಮೊಸರು ಸೇರಿ ದಿನಕ್ಕೆ ಎರಡು ಲೋಟ ತೆಗೆದುಕೊಳ್ಳಿ.

4. ಸಂಜೆ ಬಜ್ಜಿಯ ಬದಲು ಕೋಸಂಬರಿ, ಉಸುಳಿ ಅಥವಾ ಒಂದು ಹಿಡಿ ಕಡಲೆಕಾಯಿ ಬೀಜ.

5. ಜೋಮು, ಉರಿ, ಅತಿಯಾದ ಆಯಾಸ ಇದ್ದರೆ ಬಿ12 ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಮೂತ್ರಪಿಂಡದ ಕಾಯಿಲೆ ಇರುವವರು ಕಾಳು, ಸೊಪ್ಪು ಹೆಚ್ಚಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಹೃದಯದ ಔಷಧಿಗಳನ್ನು ಆಹಾರ ಬದಲಾಯಿಸಿದ ಮಾತ್ರಕ್ಕೆ ನಿಲ್ಲಿಸಬಾರದು.

ಮಗಳು ಮಾಂಸ ಬಿಡುತ್ತೇನೆಂದರೆ ಗದರಿಸಬೇಡಿ. ‘ಸರಿ ಕಣಮ್ಮಾ, ಬಿಡು. ಆದರೆ ಕಾಳು ತಿನ್ನಬೇಕು, ಮೊಸರು ಬಿಡಬಾರದು’ ಎಂದು ಹೇಳಿ. ಹಾಲು ಮೊಸರನ್ನೂ ಬಿಡುವೆನೆಂದರೆ ಬಿ12 ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಿ. ಮಾಂಸ ಬಿಡುವುದಕ್ಕೆ ಒಂದು ದಿನದ ನಿರ್ಧಾರ ಸಾಕು, ಒಳ್ಳೆಯ ಸಸ್ಯಾಹಾರಿಯಾಗಲು ಮಾತ್ರ ಪ್ರತಿದಿನದ ಅಡುಗೆಯಲ್ಲಿ ಗಮನ ಬೇಕು.